ಗೋಲು ಕಾಯುವವಳನ್ನು ಹುಡುಕಿಕೊಂಡು ರಾಣೆಬೆನ್ನೂರಿಗೆ

ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ಹಾವೇರಿ ಬಸ್ ನಿಲ್ದಾಣದಲ್ಲಿ ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟ್ ತೆಗೆದುಕೊಂಡು ಬ್ಯಾಡಗಿ ಬಸ್ಸಿನಲ್ಲಿ ಕುಳಿತೆ. ದಾರಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ನನ್ನ ತಲೆಬಿಸಿ ಮಾತ್ರ ಲಡಾಖಿನವರೆಗೆ ಚಾಚಿತ್ತು. ನಾನು ಹಾವೇರಿಯಲ್ಲಿ ಹುಡುಗಿಯರಿಗೆ ಗಾಲಿಯ ಸ್ಕೇಟಿನ ಮೇಲೆ ಹಾಕಿ ಆಟ ಕಲಿಸುತ್ತೇನೆ. ಜನವರಿಯಲ್ಲಿ ಲಡಾಖಿನಲ್ಲಿ ಮಹಿಳೆಯರ ಐಸ್ ಹಾಕಿ ಪಂದ್ಯಗಳಿದ್ದವು, ನಮ್ಮಲ್ಲಿ ಗೋಲು ಕಾಯುವವಳೇ ಇರಲಿಲ್ಲ. ಹಿಂದಿನ ಚಳಿಗಾಲ ಆ ಜಾಗದಲ್ಲಿ ನಿಂತಿದ್ದ ಬ್ಯಾಡಗಿಯ ಪೂರ್ಣಿಮಾ ಮದುವೆಯಾಗಿ ರಾಣೆಬೆನ್ನೂರು ಸೇರಿದ್ದಳು, ನನ್ನ ಫೋನು ಎತ್ತುತ್ತಿರಲಿಲ್ಲ. ಅವಳು ಬರದಿದ್ದರೆ ತಂಡ ಹೊರಡುವಂತಿರಲಿಲ್ಲ. ಅತ್ತೆಮನೆಯವರೇ ತಡೆದಿದ್ದಾರೆಂದು ತೀರ್ಮಾನಿಸಿ, ಅವರೊಂದಿಗೆ ಆಡಬೇಕಾದ ಜಗಳವನ್ನು ಬಸ್ಸಿನಲ್ಲೇ ಮನಸ್ಸಿನೊಳಗೆ ಆಡಿ ಮುಗಿಸಿದೆ. ಗೆದ್ದವಳು ನಾನೇ ಎಂದು ಬೇರೆ ಹೇಳಬೇಕಿಲ್ಲ.

ಬ್ಯಾಡಗಿಯಲ್ಲಿ ಅಂದು ಮೆಣಸಿನಕಾಯಿ ಮಾರುಕಟ್ಟೆಯ ದಿನ. ಯಾರ್ಡಿನ ಗೇಟು ದಾಟುವಷ್ಟರಲ್ಲಿ ಸೀನು ಶುರುವಾಯಿತು. ಮಾರುಕಟ್ಟೆ ಇಲ್ಲದ ದಿನ ಇದೇ ಕಾಂಕ್ರೀಟಿನ ಮೇಲೆ ಪೂರ್ಣಿಮಾ ಆಟ ಕಲಿತದ್ದು. ಅವಳ ತಂದೆ ಚನ್ನಬಸಪ್ಪನವರದು ಇಲ್ಲಿ ದಲಾಲಿ ಅಂಗಡಿ, ಮೊದಲು ಅವರನ್ನೇ ವಿಚಾರಿಸೋಣವೆಂದು ಬಂದಿದ್ದೆ.

“ಬರ್ರಿ ಅಕ್ಕಾರ, ಕುಂದ್ರಿ” ಎಂದು ಚಹಾ ತರಿಸಿದರು. ಆಮೇಲೆ ಪಕ್ಕದ ಕೋಲ್ಡ್ ಸ್ಟೋರೇಜಿಗೆ ಕರೆದೊಯ್ದರು. ಛಾವಣಿಯವರೆಗೂ ಚೀಲಗಳು, ಮೈ ಕೊರೆಯುವ ಚಳಿ, ಮೂಗು ಸುಡುವ ಘಾಟು.

“ಲಡಾಖ್ ಥಂಡಿ ರೂಢಿ ಆಗ್ಲಿ ಅಂತ ಇಲ್ಲೇ ನಿಂತು ಬಸ್ಕಿ ಹೊಡೀತಿದ್ಲರಿ. ಹೊರಗ ಬಂದಾಗ ಕಣ್ಣಾಗ, ಮೂಗಿನ್ಯಾಗ ಬರೇ ನೀರು.”

“ಮತ್ತೆ ಈಗ ಯಾಕೆ ಬಿಟ್ಟಳು?”

“ಮಗಳ್ನ ಕೊಟ್ಟೇವ್ರಿ. ಬೀಗರ ಮನ್ಯಾಗ ನಾ ಏನಂತ ಕೇಳ್ಲಿ?” ಎಂದು ತಲೆ ತಗ್ಗಿಸಿದರು. ನನ್ನ ಜಗಳ ಇನ್ನಷ್ಟು ಹರಿತವಾಯಿತು.

ರಾಣೆಬೆನ್ನೂರು ಮುಟ್ಟುವಾಗ ಬಿಸಿಲು ನೆತ್ತಿಯ ಮೇಲಿತ್ತು. ಪೂರ್ಣಿಮಾಳ ಅತ್ತೆ ನೀಲಮ್ಮ ಬೀಜದ ಅಂಗಡಿ ನಡೆಸುತ್ತಾರೆ, ಮನೆ ಅದರ ಹಿಂದೆಯೇ. ನನ್ನನ್ನು ಕಂಡ ಪೂರ್ಣಿಮಾ ನೀರು ಕೊಟ್ಟು ಅಡುಗೆಮನೆಯ ಬಾಗಿಲಿಗೆ ಆತು ನಿಂತಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಟ್ಟೆಗೆ ಬಿದ್ದವು. ಜಗಳಕ್ಕೆ ಬಂದವಳು ಎರಡನೆಯ ರೊಟ್ಟಿಗೂ ಬೇಡ ಎನ್ನಲಿಲ್ಲ.

ಉಂಡ ಮೇಲೆ ಮೊಬೈಲಿನಲ್ಲಿ ಹಳೆಯ ಪಂದ್ಯದ ಚಿತ್ರ ತೋರಿಸುತ್ತ ನನ್ನ ಭಾಷಣ ಶುರುಮಾಡಿದೆ. ಹೆಂಗಸರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ೧೯೯೦ರಲ್ಲಿ, ಕೆನಡಾದಲ್ಲಿ. ಆ ದೇಶದ ಹುಡುಗಿಯರು ಗುಲಾಬಿ ಅಂಗಿ ತೊಟ್ಟು ಆಡಿದರು.

“ಗುಲಾಬಿ ಯಾಕ್ರಿ?” ನೀಲಮ್ಮ ಕೇಳಿದರು.

“ನೋಡೋಕೆ ಜನ ಬರಲಿ ಅಂತ.”

“ಆಟ ನೋಡಾಕ ಬರಂಗಿಲ್ಲಂದ್ರ ಅಂಗಿ ನೋಡಾಕ ಬರ್ರಿ ಅಂದ್ರೇನು!” ಎಂದು ನಕ್ಕರು.

ಆ ಗುಲಾಬಿ ಅಂಗಿಯವರೇ ಗೆದ್ದದ್ದನ್ನು ಹೇಳಿದೆ. ಎಂಟು ವರ್ಷದ ಮೇಲೆ ಜಪಾನಿನಲ್ಲಿ ಹೆಂಗಸರ ಆಟ ಒಲಿಂಪಿಕ್ಸ್ ಸೇರಿದ್ದನ್ನು ಹೇಳಿದೆ. ನಮ್ಮ ದೇಶದ ತಂಡ, ಹೆಚ್ಚಿನವರು ಲಡಾಖಿನ ಹುಡುಗಿಯರು, ಮೊದಲ ಸಲ ಹೊರದೇಶಕ್ಕೆ ಹೋಗಿ ಸೋತು ಬಂದದ್ದು, ಮರುವರ್ಷ ಒಂದು ಪಂದ್ಯ ಗೆದ್ದದ್ದು, ೨೦೨೫ರಲ್ಲಿ ಏಷ್ಯಾ ಮಟ್ಟದಲ್ಲಿ ಕಂಚು ತಂದದ್ದು, ಎಲ್ಲ ಹೇಳಿ, “ಇಂಥ ಆಟಕ್ಕೆ ಸೊಸೆಯನ್ನು ಕಳಿಸದಿದ್ದರೆ ಹೇಗ್ರಿ?” ಎಂದೆ.

ನೀಲಮ್ಮ ಕಣ್ಣರಳಿಸಿದರು. “ಯವ್ವಾ, ಯಾರು ತಡದಾರ? ಟೀಮ್ ಮುಚ್ಚೇತಿ ಅಂತ ಈಕೀನ ಹೇಳ್ಯಾಳಲ್ರಿ!”

ನೋಡದ ಹೆಂಗಸಿನ ಮೇಲೆ ಬೆಳಗಿನಿಂದ ಹಲ್ಲು ಮಸೆದದ್ದಕ್ಕೆ ನನಗೆ ನಾಚಿಕೆಯಾಯಿತು. ಇಬ್ಬರೂ ಬಾಗಿಲ ಕಡೆ ತಿರುಗಿದೆವು.

“ಎಲ್ಲಾ ಮ್ಯಾಚಿನ್ಯಾಗೂ ನನ್ನಿಂದ ಸೋತ್ವಿ” ಎಂದಳು ಪೂರ್ಣಿಮಾ. “ವಾಪಸ್ ಬರೋವಾಗ ರೈಲಿನ್ಯಾಗ ಒಬ್ರೂ ಬೈಲಿಲ್ಲ ಅಕ್ಕಾರ. ನೀವೂ ಬೈಲಿಲ್ಲ. ಹಣ್ಣು ಹೆಚ್ಚಿ ಕೊಟ್ರಿ. ಒಮ್ಮೆ ಬೈದಿದ್ರ ಮನಸ್ಸು ಹಗರಾಗತಿತ್ತು.”

ಅವಳ ಮನಸ್ಸು ನೋಯದಿರಲಿ ಎಂದೇ ಎಲ್ಲರೂ ಸುಮ್ಮನಿದ್ದದ್ದು. ನೀಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು.

“ಇಷ್ಟ ಹೌದಿಲ್ಲೋ? ನಾ ಬೈತೇನಿ. ಏ ಪೂರ್ಣೀ, ಅಷ್ಟು ಗೋಲು ಯಾಕ ಬಿಟ್ಟಿ? ಕಣ್ಣು ಎಲ್ಲಿಟ್ಟಿದ್ದಿ?”

ಪೂರ್ಣಿಮಾ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ನನಗೆ ಎಂದೂ ಹೇಳದ್ದನ್ನು ಹೇಳಿದಳು. “ಯಾರ್ಡಿನ ಕಾಂಕ್ರೀಟಿನ ಮ್ಯಾಲೆ ಚೆಂಡು ಸಪ್ಪಳ ಮಾಡ್ಕೋತ ಬರತೈತ್ರಿ ಅತ್ತಿ. ನಾ ಕಿವೀಲೆ ಹಿಡೀತಿದ್ದೆ. ಅಲ್ಲಿ ಐಸಿನ ಮ್ಯಾಲೆ ಆ ರಬ್ಬರ್ ಬಿಲ್ಲೆ ಜಾರಿ ಬರೋದು ಕೇಳಸಂಗೇ ಇಲ್ಲ.”

“ಹಂಗಾದ್ರ ಈ ಸಲ ಕಣ್ಣೀಲೆ ಹಿಡಿ” ಎಂದರು ನೀಲಮ್ಮ, ಅಷ್ಟೇ ಸಲೀಸಾಗಿ. ಇಷ್ಟು ವರ್ಷದ ನನ್ನ ಕಲಿಸುವಿಕೆಯಲ್ಲಿ ‘ಗೋಲು ಯಾಕೆ ಬಿಟ್ಟೆ’ ಎಂಬ ಪ್ರಶ್ನೆಯನ್ನೇ ನಾನು ಯಾರಿಗೂ ಕೇಳಿರಲಿಲ್ಲ.

ಸಂಜೆಯ ಹಾವೇರಿ ಬಸ್ಸಿಗೆ ನನ್ನನ್ನು ಕಳಿಸಲು ಪೂರ್ಣಿಮಾ ಬಂದಳು. ಸೋಮವಾರದಿಂದ ಅಭ್ಯಾಸಕ್ಕೆ ಬರುವ ಮಾತಾಗಿತ್ತು. ಕಿಟಕಿಯ ಸರಳು ಹಿಡಿದು ನಿಂತವಳು ಬಸ್ಸು ಅಲುಗಿದಾಗ ಕೇಳಿದಳು:

“ಅಕ್ಕಾರ, ಈ ಸಲಾನೂ ಗೋಲು ಬಿದ್ರ?”

“ಬೈತೇನಿ” ಎಂದೆ.

“ಖರೇನ?”

“ಖರೇನ. ಲಡಾಖಿನಿಂದ ಹಾವೇರಿತನಕ ಬೈತೇನಿ.”

ಅವಳು ನಕ್ಕು ಸರಳು ಬಿಟ್ಟಳು. ಬಸ್ಸು ತಿರುಗಿದ ಮೇಲೆ ಹಿಂತಿರುಗಿ ನೋಡಿದೆ. ಅಷ್ಟು ಜನರ ನಡುವೆ ನಿಂತು ಇನ್ನೂ ನಗುತ್ತಲೇ ಇದ್ದಳು.