ಗ್ಯಾಸ್ ಅಂದವರ ಮನೆಯಲ್ಲಿ ಬಸುರಿ

ನಮ್ಮ ಯಲಬುರ್ಗಾದಲ್ಲಿ ಹೆಣ್ಣಿನ ಎದೆಗೆ ಇರುವುದು ಒಂದೇ ರೋಗ, ಗ್ಯಾಸ್. ಉರಿದರೂ ಗ್ಯಾಸ್, ಚುಚ್ಚಿದರೂ ಗ್ಯಾಸ್, ದುಃಖಕ್ಕೆ ಬಿಗಿದರೂ ಗ್ಯಾಸ್. ಅದೇ ನೋವು ಗಂಡಸಿಗೆ ಬಂದರೆ ಮಾತ್ರ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಓಡುತ್ತಾರೆ. ಚೊಚ್ಚಲ ಬಸುರಿನ ಏಳು ತಿಂಗಳನ್ನು ನಾನು ಈ ಗ್ಯಾಸ್ ಪಂಡಿತರ ನಡುವೆ ಕಳೆದೆ.

ನನ್ನ ರೋಗ ಹೀಗಿತ್ತು. ಆಫೀಸಿನಲ್ಲಿ ಫೈಲು ಹೊಲಿಯುತ್ತಲೋ ಮನೆಯಲ್ಲಿ ಸೊಪ್ಪು ಸೋಸುತ್ತಲೋ ಸುಮ್ಮನೆ ಕೂತಿರುತ್ತಿದ್ದೆ. ಸ್ವಿಚ್ಚು ಒತ್ತಿದ ಹಾಗೆ ಎದೆ ಒಮ್ಮೆಲೇ ಓಡಲು ಶುರುವಾಗುತ್ತಿತ್ತು. ಕುತ್ತಿಗೆಯ ನರ ಪಟಪಟ ಬಡಿಯುತ್ತಿತ್ತು, ಕಣ್ಣಿಗೆ ಮಬ್ಬು ಕವಿಯುತ್ತಿತ್ತು. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ತಾಸು. ಆಮೇಲೆ ಟಕ್ ಅಂತ ನಿಂತುಬಿಡುತ್ತಿತ್ತು. ಮೊದಲು ವರ್ಷಕ್ಕೆ ಒಂದೆರಡು ಸಲ ಬರುತ್ತಿದ್ದದ್ದು ಬಸುರಿನ ನಾಲ್ಕನೇ ತಿಂಗಳಿಂದ ವಾರಕ್ಕೊಮ್ಮೆ ಬರತೊಡಗಿತು. ಆದರೆ ಹಾಳಾದ್ದು, ದವಾಖಾನೆ ಮುಟ್ಟುವಷ್ಟರಲ್ಲಿ ನಿಂತಿರುತ್ತಿತ್ತು. ಇಸಿಜಿ ಕಾಗದದಲ್ಲಿ ಎಲ್ಲವೂ ಸರಿ. ಒಮ್ಮೆ ಒಂದಿಡೀ ದಿನ ಎದೆಗೆ ತಂತಿ ಅಂಟಿಸಿಕೊಂಡು ತಿರುಗಾಡಿದೆ. ಅವತ್ತು ನನ್ನ ರೋಗ ರಜೆ ಹಾಕಿತ್ತು.

"ಡಾಕ್ಟ್ರ ಏನೂ ಇಲ್ಲ ಅಂದಾರ ನೋಡವಾ. ನಾ ನಾಕ ಹಡದೀನಿ. ನನಗೇನ ಎದಿ ಇರಲಿಲ್ಲೇನ?" ಅಂದರು ಅತ್ತೆ. ಲಿಂಬೆಹಣ್ಣು ಹಿಂಡಿದ ಸೋಡಾ, ಅಜವಾನ, ಹುರಿದ ಜೀರಿಗೆ, ಇವೇ ಅವರ ಔಷಧಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎದೆ ಓಡುತ್ತಿತ್ತು, ಇವರು ಹೊಟ್ಟೆಗೆ ಸೋಡಾ ಹೊಯ್ಯುತ್ತಿದ್ದರು.

ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಹೃದಯ ಬರೆದು ನಾಲ್ಕು ಕೋಣೆ ತೋರಿಸಿ ಶಭಾಷ್ ಅನ್ನಿಸಿಕೊಂಡವರು. ಮನೆಯಲ್ಲಿ ನಿಜವಾದದ್ದೊಂದು ಎದೆ ಒದ್ದಾಡುತ್ತಿದ್ದರೆ ಅವರು ಹೇಳಿದ್ದು, "ಟೆನ್ಶನ್ ತಗೋಬ್ಯಾಡ. ಮೊಬೈಲ್ ಕಡಿಮಿ ನೋಡು." ಎಂಥ ವಿಜ್ಞಾನವೋ ಏನೋ!

ಹೆತ್ತವ್ವನಾದರೂ ನಂಬಿದಳೇ? ತವರೂರು ಹುಲಿಹೈದರದಿಂದ ಫೋನು ಮಾಡಿ ಪಿಸುಮಾತಿನಲ್ಲಿ ಅಂದಳು: "ಎದಿ ವಿಷ್ಯಾ ಮಂದಿ ಮುಂದ ಆಡಬ್ಯಾಡ. ಐಬ ಇದ್ದದ್ದ ಮುಚ್ಚಿ ಕೊಟ್ಟಾರ ಅಂತಾರ." ಮಗಳು ಬದುಕಿದರೂ ಸರಿ, ಸತ್ತರೂ ಸರಿ, ಮಂದಿ ಮಾತ್ರ ಏನೂ ಅನ್ನಬಾರದು.

ಇವರನ್ನೆಲ್ಲ ಬೈಯುವ ನಾನೇನು ದೊಡ್ಡವಳು? ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ಪಿಂಚಣಿಗೆ ಬಂದ ಮುದುಕಿ ಎದುರಿಗೇ ನಿಂತು ಕೆಮ್ಮುತ್ತಿದ್ದರೂ, ಜೀವಂತ ಇರುವುದಕ್ಕೆ ಕಾಗದ ತಾ ಅಂತ ಕಳಿಸಿದವಳು. ಕಾಗದವಿಲ್ಲದವರ ಗತಿ ಏನು ಅಂತ ನನಗೂ ತಿಳಿಯಲಿ ಅಂತಲೇ ಹೀಗಾಯಿತೋ ಏನೋ.

ಕೊನೆಗೆ ರಜೆ ಹಾಕಿ, ಒಬ್ಬಳೇ ಬಸ್ಸು ಹತ್ತಿ, ಕೊಪ್ಪಳದಲ್ಲಿ ಹೃದಯದ ಡಾಕ್ಟರೊಬ್ಬರಿಗೆ ತೋರಿಸಿದೆ. ಆಕೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಅಷ್ಟಕ್ಕೇ ನನಗೆ ಅಳು ಬಂತು. ಬೋಗುಣಿಯಲ್ಲಿ ತಣ್ಣೀರು ಹಾಕಿಕೊಂಡು, ಉಸಿರು ಹಿಡಿದು ಮುಖ ಮುಳುಗಿಸಿದರೆ ಓಟ ನಿಲ್ಲುತ್ತದೆ ಅಂತ ಕಲಿಸಿದರು. ನಿಜವಾಗಿಯೂ ನಿಂತಿತು, ಎರಡು ಸಲ. ಮುಂದಿನ ಸಲ ಹೋದಾಗ ಅವರು ಹೇಳಿದ್ದು ಬೇರೆ.

"ನಿಲ್ಲಿಸಿದ್ದು ಛಲೋ ಆತು. ಆದ್ರ ಒಂದ ಸಲ ನಿಲ್ಲಿಸಬ್ಯಾಡ್ರಿ. ಓಡಾಕತ್ತಿದಾಗನ ಹತ್ತಿರದ ದವಾಖಾನಿಗೆ ಹೋಗಿ ಇಸಿಜಿ ತಗಸ್ರಿ. ಯಾವ ನಮೂನಿ ಓಟ ಅಂತ ಕಂಡ್ರ ಗುಳಿಗಿ ಶುರು ಮಾಡ್ತೀನಿ, ಹೆರಿಗಿ ಕೊಪ್ಪಳದಾಗ ಆಗಬೇಕು ಅಂತ ಬರದೂ ಕೊಡ್ತೀನಿ. ತಲಿ ತಿರುಗಿ ಬೀಳೂ ಹಂಗಾದ್ರ ಮಾತ್ರ ಕಾಯಬ್ಯಾಡ್ರಿ."

ಬರೆದು ಕೊಡುವುದು ಯಾಕೆ ಬೇಕಿತ್ತು ಅಂದರೆ, ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಗಂಡನ ಮನೆಯಲ್ಲಿ ಕುಬಸ, ಅಂದರೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ. ಅವತ್ತೇ ಸಂಜೆ ತವರಿನವರು ಕರೆದುಕೊಂಡು ಹೋಗುತ್ತಾರೆ. ಹುಲಿಹೈದರದಲ್ಲಿ ಹೆರಿಗೆಯ ಹೊತ್ತಿಗೆ ನನ್ನ ಎದೆ ಓಡಿದರೆ ಗಂಗಾವತಿಯ ದವಾಖಾನೆ ಮುಟ್ಟುವ ತನಕ ನಾನಿರುತ್ತೇನೋ ಕೂಸಿರುತ್ತದೋ. ಇದನ್ನು ಹೇಳಿದರೆ ಎರಡೂ ಮನೆಯವರದು ಒಂದೇ ಉತ್ತರ: "ಎಲ್ಲಾರೂ ಹಡದಾರ."

ಕುಬಸದ ದಿನ ಬಂತು. ಆವರೆಗೂ ಓಟ ಸಿಕ್ಕ ಇಸಿಜಿ ಕಾಗದ ನನ್ನ ಕೈಯಲ್ಲಿರಲಿಲ್ಲ. ಮಧ್ಯಾಹ್ನ ಮಣೆಯ ಮೇಲೆ ಕೂತಿದ್ದೆ. ಐದು ಜನ ಮುತ್ತೈದೆಯರು ಹಾಡುತ್ತ ಆರತಿ ಎತ್ತಿದರು. ಎದೆ ಓಡತೊಡಗಿತು.

ನಾನು ಎದೆ ಹಿಡಿದುಕೊಂಡದ್ದನ್ನು ನೋಡಿ ನಾದಿನಿ ಫ್ರಿಜ್ಜಿನ ತಣ್ಣೀರು ತಂದಳು. "ಮಾರಿಗೆ ಹೊಡಕೋರಿ ವೈನಿ" ಅಂತ ಚೊಂಬನ್ನು ಮುಖದ ಹತ್ತಿರವೇ ಹಿಡಿದಳು. ಏಳು ತಿಂಗಳಲ್ಲಿ ಯಾರೂ ಮಾಡದ ಸರಿಯಾದ ಉಪಚಾರ ಅವತ್ತೇ ನೆನಪಾಗಬೇಕೆ! ನೀರು ಬಿದ್ದರೆ ಓಟ ನಿಂತೀತು ಅಂತ ಹೆದರಿ ಕೈಯಿಂದ ತಳ್ಳಿದೆ. ಚೊಂಬು ಮಗುಚಿ ನೀರೆಲ್ಲ ಆರತಿ ತಟ್ಟೆಯ ಮೇಲೆ ಬಿತ್ತು. ಎರಡೂ ದೀಪ ಆರಿದವು.

"ಅಯ್ಯ ಶಿವನ! ಕುಬಸದ ಆರತಿ ಆರಿಸಿದಳಲ್ಲವಾ!" ಅತ್ತೆ ಹಣೆ ಹಣೆ ಬಡಿದುಕೊಂಡರು. ಸೊಸೆಯ ಎದೆ ಆರಿದರೆ ಇಷ್ಟು ಬಡಿದುಕೊಳ್ಳುತ್ತಿದ್ದರೋ ಇಲ್ಲವೋ.

ನಾನು ಎದ್ದೆ. ಗಂಡ ಪಡಸಾಲೆಯಲ್ಲಿ ಹೋಳಿಗೆ ಬಡಿಸುತ್ತಿದ್ದರು. "ಆಟೋ ಕರೀರಿ, ದವಾಖಾನಿಗೆ ಹೋಗೂದೈತಿ" ಅಂದೆ.

"ಮಂದಿ ಊಟಕ್ಕ ಕುಂತಾರಲ್ಲೇ. ಒಂದ ಹತ್ತ ನಿಮಿಷ ತಡಿ."

"ನೀವು ಹೋಳಿಗಿನ ಬಡಸ್ರಿ. ನಾ ಹೋಗತೀನಿ."

ಚಪ್ಪಲಿ ಹುಡುಕಲಿಲ್ಲ. ಹಸಿರು ಸೀರೆ, ಮೊಳಕೈತನಕ ಬಳೆ, ತಲೆ ತುಂಬ ಹೂವು, ಬರಿಗಾಲಲ್ಲಿ ಬೀದಿಗೆ ಇಳಿದೆ. ಆಗ ಓಡಿ ಬಂದರು ಇಬ್ಬರೂ, ಗಂಡ ಮತ್ತು ಅತ್ತೆ. ಪ್ರೀತಿ ಉಕ್ಕಿ ಬಂದದ್ದಲ್ಲ. ಕುಬಸದ ಸೊಸೆ ಒಬ್ಬಳೇ ಬೀದಿಗೆ ಬಿದ್ದಳು ಅಂತ ಓಣಿ ಮಾತಾಡುತ್ತದಲ್ಲ, ಅದಕ್ಕೆ. ತವರಿಂದ ಬಂದಿದ್ದ ಅವ್ವ ಉಡಿಯ ಅಕ್ಕಿ, ಕೊಬ್ಬರಿ ಕಾಯುತ್ತ ಒಳಗೇ ಉಳಿದಳು.

ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಖಾಸಗಿ ದವಾಖಾನೆಗೆ ಹೋದೆವು. ಆಟೋದಲ್ಲಿ ಉದ್ದಕ್ಕೂ ಅತ್ತೆಯದು ಒಂದೇ ಜಪ, ಮುಂಜಾನೆ ಹಸಿದ ಹೊಟ್ಟೆಯಲ್ಲಿ ಚಹಾ ಕುಡಿದದ್ದಕ್ಕೇ ಗ್ಯಾಸ್ ಏರಿದೆ ಅಂತ. ನರ್ಸು ನನ್ನ ಉಡುಗೆ ನೋಡಿ ನಕ್ಕು, "ಡಾಕ್ಟ್ರು ಊಟಕ್ಕ ಹೋಗ್ಯಾರ. ಕುಂದರ್ರಿ" ಅಂದಳು.

"ಡಾಕ್ಟ್ರು ಸಾವಕಾಶ ಉಣ್ಣಲಿ. ಇಸಿಜಿ ನೀವ ತಗೀರಿ. ಈಗ ತಗೀರಿ." ಹೇಳುತ್ತಲೇ ಹಾಸಿಗೆ ಹತ್ತಿ ಮಲಗಿ ಕುಪ್ಪಸದ ಗುಂಡಿ ಬಿಚ್ಚಿದೆ. ಮುಂಗೈಗೆ ಹಾಕುವ ಚಿಮಟ ಬಳೆಗಳಿಂದಾಗಿ ಕೂರಲಿಲ್ಲ. ಕುಬಸದ ಬಳೆ ತೆಗೆಯಬಾರದು ಅಂತ ಅತ್ತೆ ಅಡ್ಡ ಬಂದರು. ನಾನು ಜೋರಾಗಿ ಮೇಲಕ್ಕೆ ಸರಿಸಿದೆ, ಎರಡು ಒಡೆದವು, ಕೈಗೆ ಗೀರಿ ರಕ್ತ ಬಂತು. ನರ್ಸಿನ ನಗು ಹೋಯಿತು. ಯಂತ್ರ ಕಾಗದ ಉಗುಳತೊಡಗಿತು, ಗೆರೆಗಳು ಒಂದರ ಮೇಲೊಂದು ಬಿದ್ದ ಹಾಗೆ ಒತ್ತೊತ್ತಾಗಿದ್ದವು. ಅವಳು ತಂತಿ ಬಿಚ್ಚುತ್ತಿರುವಾಗಲೇ ಓಟ ಟಕ್ ಅಂತ ನಿಂತು ಎದೆ ತನ್ನ ದಾರಿಗೆ ಬಂತು.

ಊಟ ಬಿಟ್ಟು ಬಂದ ಡಾಕ್ಟರು ನನ್ನ ಕಥೆಯನ್ನೆಲ್ಲ ಕೇಳಿ ಕಾಗದ ನೋಡಿದರು. ಮತ್ತೊಮ್ಮೆ ನೋಡಿದರು.

"ಏನ ಬರದೈತ್ರಿ ಅದರಾಗ?" ಅತ್ತೆ ಕೇಳಿದರು.

"ನಿಮ್ಮ ಸೊಸಿ ಇಷ್ಟ ತಿಂಗಳಿಂದ ನಿಮಗ ಏನ ಹೇಳಾಕತ್ತಾರೋ, ಅದ ಬರದೈತ್ರಿ."

ಗಂಡ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಫೋಟೋ ತೆಗೆದು, ಕುಟುಂಬದ ಗ್ರೂಪಿಗೆ ಕಳಿಸಿದರು. ನನ್ನ ಬಾಯಿಗೆ ಇರದಿದ್ದ ಬೆಲೆ ಗೇಣುದ್ದದ ಕಾಗದಕ್ಕೆ ಬಂತು. ಕೊಪ್ಪಳದ ಡಾಕ್ಟರು ಅದನ್ನು ನೋಡಿ ಗುಳಿಗೆ ಶುರು ಮಾಡಿದರು, ಹೆರಿಗೆ ಅಲ್ಲೇ ಆಗಬೇಕು ಅಂತ ಬರೆದೂ ಕೊಟ್ಟರು. ತವರಿಗೆ ಕಳಿಸುವ ಮಾತು ನಿಂತಿತು. ಒಂಬತ್ತು ತುಂಬಿದ ಮೇಲೆ ಕೊಪ್ಪಳದಲ್ಲಿ ಮಗಳು ಹುಟ್ಟಿದಳು, ಎದೆಗೆ ತಂತಿ ಹಚ್ಚಿಕೊಂಡೇ ಹಡೆದೆ, ಇಬ್ಬರೂ ಉಳಿದೆವು. ಈಗ ಬಂದವರ ಮುಂದೆಲ್ಲ ಅತ್ತೆ, "ನಾವ ಹೊತ್ತಿಗಿ ಸರಿಯಾಗಿ ದವಾಖಾನಿಗೆ ಒಯ್ದೀವಿ, ಅದಕ್ಕ ಉಳದಾಳ" ಅನ್ನುತ್ತಾರೆ. ಗಂಡ ಹೌದೆಂದು ತಲೆದೂಗುತ್ತಾರೆ. ನಾಚಿಕೆ ಅನ್ನುವುದು ಅಂಗಡಿಯಲ್ಲಿ ಸಿಗುವುದಿಲ್ಲ ನೋಡಿ.

ಆಟೋದಲ್ಲಿ ನಾನು ಏನು ಬೇಡಿಕೊಂಡೆ ಅಂತ ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಬಸುರಿಯಾದವಳು ಕೂಸು ಚೆನ್ನಾಗಿರಲಿ ಅಂತ ಬೇಡುತ್ತಾಳೆ. ನಾನು, ನಿಲ್ಲಬೇಡ, ಇನ್ನೈದು ನಿಮಿಷ ಹೀಗೇ ಓಡು ಅಂತ ನನ್ನ ರೋಗಕ್ಕೆ ಕೈ ಮುಗಿದೆ. ಮುಂಜಾನೆಯಿಂದ ಒದೆಯುತ್ತಿದ್ದ ಕೂಸು ಆಗ ಅಲುಗಾಡುತ್ತಿರಲಿಲ್ಲ. ಅದು ಗೊತ್ತಾಗಿಯೂ ಮತ್ತೆ ಬೇಡಿದೆ. ಇದೊಂದಕ್ಕೆ ಅವರನ್ನೂ ಕ್ಷಮಿಸಿಲ್ಲ, ನನ್ನನ್ನೂ ಕ್ಷಮಿಸಿಲ್ಲ.