ಆಷಾಢ ಹಿಡಿದ ಹಾರ್ಡ್ ಡಿಸ್ಕ್

1988ರಲ್ಲಿ ನಾನು ತುಮಕೂರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನನ್ನ ಪಾಲಿಗೆ ಬಂದಿದ್ದವು. ನಾಲ್ಕೂ ತಾಲ್ಲೂಕಿನ ಕಂಪ್ಯೂಟರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಸ್ಸಿನಲ್ಲಿ ನಾನು ಕುಡಿದ ಧೂಳಿಗೆ ಮಾತ್ರ ಲೆಕ್ಕವಿಲ್ಲ.

ಮಧುಗಿರಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ನಾಗರತ್ನಮ್ಮ ತಮ್ಮ ಸರ ಮಾರಿ ಒಂದು ಕಂಪ್ಯೂಟರ್ ಕೊಂಡಿದ್ದರು. ಜೂನ್ ತಿಂಗಳಲ್ಲಿ ನಾನೇ ಜೋಡಿಸಿ, ಓಡಿಸಿ ತೋರಿಸಿ ಬಂದಿದ್ದೆ. ಶ್ರಾವಣದ ಮೊದಲ ಶುಕ್ರವಾರ ಕಂಪ್ಯೂಟರ್ ತರಗತಿಯ ಆರಂಭ, ನನ್ನನ್ನೂ ಕರೆಸಿದ್ದರು. ಹತ್ತೂವರೆಗೆ ರಾಹುಕಾಲ, ಅದರೊಳಗೆ ಪೂಜೆ ಮುಗಿಯಬೇಕು. ಹೆಣ್ಣುಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಯರಿಂದ ಕೋಣೆ ತುಂಬಿತ್ತು.

ಸ್ವಿಚ್ ಹಾಕಿದರೆ ಪರದೆಯ ಮೇಲೆ 1701 ಎಂಬ ಅಂಕಿ. ಹಾರ್ಡ್ ಡಿಸ್ಕ್ ಕೈಕೊಟ್ಟಿದೆ ಎಂದರ್ಥ. ಅಯ್ಯೋ ಕರ್ಮವೇ!

"ಮಿಸನ್ನಿಗೇ ಇಷ್ಟ ಇಲ್ಲ ಬುಡಮ್ಮ," ಎನ್ನುತ್ತಾ ಒಬ್ಬರು ಚಪ್ಪಲಿ ಮೆಟ್ಟಿದರು. ನಾಗರತ್ನಮ್ಮನ ಮುಖ ಬಾಡಿತು. ಇವರೆಲ್ಲ ಹೊರಟರೆ ತರಗತಿ ಹುಟ್ಟುವ ಮೊದಲೇ ಮುಗಿಯುತ್ತಿತ್ತು.

ಕೇಬಲ್ ಸರಿ, ಕಾರ್ಡ್ ಸರಿ, ಕರೆಂಟೂ ಸರಿ. ಡಿಸ್ಕಿಗೆ ಕಿವಿಯಿಟ್ಟೆ, ತಿರುಗುವ ಸದ್ದೇ ಇಲ್ಲ. ರೇಗಿ ಕೇಳಿದೆ: "ನಾನು ಹೋದ ಮೇಲೆ ಇದನ್ನು ಒಂದು ದಿನವಾದರೂ ಆನ್ ಮಾಡಿದ್ರಾ?"

ನಾಗರತ್ನಮ್ಮನ ಅತ್ತೆ ಗಂಗಮ್ಮ ಮುಂದೆ ಬಂದರು. "ಆಷಾಢದಾಗೆ ಹೊಸ ಕೆಲ್ಸ ಯಾರಾನ ಸುರು ಮಾಡ್ತಾರೇನಪ್ಪಾ? ಕಂಬ್ಳಿ ಹೊದ್ಸಿ ಮಡಗಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಡಿಸ್ಕಿನೊಳಗೆ ನುಣುಪಾದ ತಟ್ಟೆಗಳಿರುತ್ತವೆ. ಓದುವ ಹೆಡ್‌ಗಳು ಅವುಗಳ ಮೇಲೆ ಕೂರುತ್ತವೆ. ಬಹಳ ದಿನ ಓಡಿಸದಿದ್ದರೆ ಒಂದರೊಳಗೊಂದು ಇಟ್ಟ ಒದ್ದೆ ಲೋಟಗಳಂತೆ ಎರಡೂ ಅಂಟಿಕೊಳ್ಳುತ್ತವೆ, ಬಿಡಿಸುವಷ್ಟು ಬಲ ಮೋಟಾರಿಗಿರುವುದಿಲ್ಲ.

ತಿರುಪು ಬಿಚ್ಚಿ ಡಿಸ್ಕನ್ನು ಹೊರಗೆಳೆದೆ. ವೈರುಗಳನ್ನು ಹಾಗೇ ಬಿಟ್ಟು, ಸ್ವಿಚ್ ಹಾಕಿಸಿ, ಅಂಗೈಯಲ್ಲಿ ಹಿಡಿದು ಪಕ್ಕಕ್ಕೆ ಸರಕ್ಕನೆ ತಿರುವಿದೆ. ಊಹೂಂ. ಮತ್ತೆ ತಿರುವಿದೆ.

"ಮೆಲ್ಲಕೆ ಕಣಪ್ಪಾ, ಮಗಿನ ಕಿವಿ ಹಿಂಡ್ದಂಗೆ ಹಿಂಡ್ತೀಯಲ್ಲ!" ಎಂದರು ಗಂಗಮ್ಮ.

ಇನ್ನೊಂದು ತಿರುವಿಗೆ ಗುಂಯ್ ಎಂದಿತು!

"ಬಂತು ಸರ್!" ನಾಗರತ್ನಮ್ಮ ಮಗುವಿನಂತೆ ಚಪ್ಪಾಳೆ ತಟ್ಟಿದರು. ಹತ್ತೂವರೆಗೆ ಇನ್ನೂ ಸಮಯವಿತ್ತು. ಗಂಗಮ್ಮನೇ ತೆಂಗಿನಕಾಯಿ ಒಡೆದರು. ಚಪ್ಪಲಿ ಮೆಟ್ಟಿದ್ದವರು ಅದನ್ನು ಬಿಟ್ಟು ಒಳಬಂದು ಮಗಳ ಹೆಸರು ಬರೆಸಿದರು. ನಾನು ಎಲ್ಲವನ್ನೂ ಫ್ಲಾಪಿಗೆ ನಕಲು ಮಾಡಿ, ದಿನಾ ಸ್ವಲ್ಪ ಹೊತ್ತಾದರೂ ಓಡಿಸಬೇಕೆಂದು ಕಟ್ಟಪ್ಪಣೆ ಮಾಡಿದೆ. ಆ ಖುಷಿಯಲ್ಲಿ ತಿಂದ ಒಬ್ಬಟ್ಟಿಗೆ ಲೆಕ್ಕವಿಡಲಿಲ್ಲ.

ಅಂದಿನಿಂದ ಎಲ್ಲೇ ಹೋದರೂ ಯಂತ್ರ ಬಿಚ್ಚುವ ಮೊದಲು ಮನೆಯವರು ಅದನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ಕೇಳುವುದನ್ನು ಕಲಿತೆ.

ಮರುವರ್ಷ ಪಾವಗಡಕ್ಕೆ ಹೋಗುವಾಗ ಮಧುಗಿರಿಯಲ್ಲಿ ಇಳಿದು ನಾಗರತ್ನಮ್ಮನ ತರಗತಿಗೆ ಹೋದೆ. ಅಂದು ಭೀಮನ ಅಮಾವಾಸ್ಯೆ, ಇನ್ನೂ ಆಷಾಢ. ಮೆಟ್ಟಿಲು ಹತ್ತುವಾಗಲೇ ಗಂಗಮ್ಮ ಹುಡುಗಿಯರನ್ನು ಗದರುವುದು ಕೇಳಿಸಿತು:

"ಆಷಾಢ ಅಂತ ಸುಮ್ಕೆ ಕುಂತ್ರೆ ಡಿಸ್ಕು ಅಂಟ್ಕಂಬುಡ್ತದೆ ಕಣ್ರೇ! ಸ್ವಿಚ್ ಹಾಕ್ರೇ ಮೊದ್ಲು!"