ನಡುವಿನ ಟೊಳ್ಳು

ಆ ಬೀದಿಯವರೆಲ್ಲ ಅವಳನ್ನು ಬೆಂಕಿಪೊಟ್ಟಣ ಎಂದೇ ಕರೆಯುತ್ತಿದ್ದರು. ಹತ್ತಿಯ ಅಂಗಡಿಯಲ್ಲಿ ದುಡಿಯುವ ಹೆಂಗಸಿಗೆ ಇಡುವ ಹೆಸರೇ ಇದು? ಆದರೆ ಇಟ್ಟವರದ್ದೂ ತಪ್ಪಿಲ್ಲ. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಕೋಪಕ್ಕೆ ಕಾರಣ ದೊಡ್ಡಣ್ಣ.

ದೊಡ್ಡಣ್ಣ ಎಂದರೆ ಅವಳ ಒಡಹುಟ್ಟಿದವನೇ, ಹಾಸಿಗೆ ಅಂಗಡಿಯ ಯಜಮಾನ. ಗಂಡ ತೀರಿಕೊಂಡ ಮೇಲೆ ಕೈಗೂಸನ್ನು ಎತ್ತಿಕೊಂಡು ಅವನಲ್ಲಿಗೆ ಬಂದವಳು, ಅಲ್ಲೇ ಹತ್ತಿ ಹಿಂಜಿ, ಹಾಸಿಗೆ ತುಂಬಿ, ದಬ್ಬಳ ಹಿಡಿದು ಹೊಲಿದು ತಲೆ ನರೆಸಿಕೊಂಡಳು. "ಅವರ ಹಾಸಿಗೆ ಎಷ್ಟು ಮಲಗಿದ್ರೂ ತಗ್ಗು ಬೀಳಲ್ಲ" ಎಂದು ಊರೆಲ್ಲ ಹೊಗಳಿದ್ದು ಅಣ್ಣನನ್ನು. ತುಂಬಿದ ಕೈ ಯಾರದೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವರಿಗೊಬ್ಬ ತಮ್ಮನಿದ್ದ. ಪಕ್ಕದ ಬೀದಿಯಲ್ಲಿ ಸಣ್ಣದೊಂದು ದಿಂಬಿನ ಅಂಗಡಿ ಇಟ್ಟ, ಪಾಪ. ದೊಡ್ಡಣ್ಣ ಹತ್ತಿ ತರುವವರ ಕಿವಿಯಲ್ಲಿ ಒಂದು ಮಾತು ಹಾಕಿದ, ಅಷ್ಟೇ. ತಮ್ಮನ ಬಾಗಿಲಿಗೆ ಒಂದು ಮೂಟೆಯೂ ಬರಲಿಲ್ಲ. ಅವನು ಊರೇ ಬಿಟ್ಟ.

ಇಂಥವನ ಎದುರು ಬಾಯಿ ಮುಚ್ಚಿಕೊಂಡಿರಬೇಕಂತೆ! ಅವಳು ಮುಚ್ಚಿಕೊಂಡಿರಲಿಲ್ಲ. ಬೈಯುತ್ತಲೇ ತುಂಬುತ್ತಿದ್ದಳು. ಸಿಟ್ಟು ಏರಿದಷ್ಟೂ ಕೈ ಚುರುಕಾಗುತ್ತಿತ್ತು. ಎಲ್ಲಿ ತಗ್ಗಿದೆಯೋ ಅಲ್ಲಿಗೆ ಬೆರಳು ತಾನಾಗಿಯೇ ಹೋಗಿ, ಹಿಡಿ ಹಿಡಿ ಹತ್ತಿಯನ್ನು ಹೆಬ್ಬೆರಳಿನಲ್ಲಿ ಮಡಿಸಿ ಒತ್ತುತ್ತಿತ್ತು. ಬೈಗುಳ ಮುಗಿಯುವ ಹೊತ್ತಿಗೆ ಒಂದು ಹಾಸಿಗೆ ಸಿದ್ಧ.

ಒಂದು ದಿನ ತಾರಾಲಯದಲ್ಲಿ ಮಾದರಿಗಳನ್ನು ಮಾಡಿಸುವ ಮೇಡಂ ಹತ್ತಿ ಕೊಳ್ಳಲು ಬಂದರು. ಮೂಲೆಯಲ್ಲಿ ಕೂತು ಅರಳೆಯನ್ನು ಹೊಗೆಯಷ್ಟು ತೆಳ್ಳಗೆ ಬಿಡಿಸುತ್ತಿದ್ದ ಮಗಳ ಕೈ ನೋಡಿ ನಿಂತೇಬಿಟ್ಟರು. ನಕ್ಷತ್ರಗಳು ಹುಟ್ಟುವ ಅನಿಲದ ಮೋಡವೊಂದು ಅವರಿಗೆ ಬೇಕಿತ್ತು, ನೋಡಲು ಬರುವ ಶಾಲೆಯ ಮಕ್ಕಳಿಗಾಗಿ.

"ಒಂದು ಮೋಡ ಮಾಡಿಕೊಡು. ಚೆನ್ನಾಗಿ ಬಂದ್ರೆ ನಮ್ಮಲ್ಲೇ ಕೆಲಸ ಸಿಗತ್ತೆ. ಇರೋದು ಒಂದೇ ಜಾಗ, ಶುಕ್ರವಾರ ನಮ್ಮ ಸಾಹೇಬರೇ ಬಂದು ನೋಡ್ತಾರೆ" ಎಂದರು. ಆಮೇಲೆ ಮೂಟೆಯ ಮೇಲೆ ಕೂತು ವಿವರಿಸಿದರು. "ಅನಿಲ ಒಟ್ಟಾಗಿ ಕುಸಿದೇ ನಕ್ಷತ್ರ ಆಗೋದು. ಅದರಲ್ಲಿ ಒಂದು ಭಾರೀ ನಕ್ಷತ್ರ ಹುಟ್ಟಿತು ಅನ್ಕೋ. ಅದರ ಬೆಳಕು ಎಷ್ಟು ಉಗ್ರ ಅಂದ್ರೆ ಸುತ್ತಲಿನ ಅನಿಲ ಕಾದು ಉಬ್ಬತ್ತೆ. ಜೊತೆಗೆ ಅದರ ಮೈಯಿಂದ ಒಂದು ಗಾಳಿ ಬೀಸತ್ತೆ, ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗ. ಎಲ್ಲಾನೂ ಆಚೆ ನೂಕಿ ತನ್ನ ಸುತ್ತ ದೊಡ್ಡ ಟೊಳ್ಳು ಮಾಡಿಬಿಡತ್ತೆ."

"ಅಯ್ಯೋ ಮೇಡಂ, ನಮ್ಮಣ್ಣನ್ನ ನೋಡಿಕೊಂಡೇ ಹೇಳಿದ ಹಾಗಿದೆಯಲ್ಲ!" ಎಂದು ತಾಯಿ ತೊಡೆ ತಟ್ಟಿದಳು. "ಯಾವುದರಿಂದ ಬೆಳೀತೋ ಅದನ್ನೇ ಓಡಿಸೋದು!"

"ಆಮೇಲೆ ಅಲ್ಲಿ ಬೇರೆ ನಕ್ಷತ್ರ ಹುಟ್ಟಲ್ವಾ?" ಮಗಳು ಮೆಲ್ಲಗೆ ಕೇಳಿದಳು.

"ಹತ್ತಿರದಲ್ಲಿ ಕಷ್ಟ, ಅನಿಲವೇ ಉಳಿದಿರಲ್ಲ. ಆದ್ರೆ ನೂಕಿಸಿಕೊಂಡ ಅನಿಲ ಅಂಚಲ್ಲಿ ಒತ್ತಿಕೊಂಡು, ಕೆಲವು ಸಲ ಅಲ್ಲೇ ಹೊಸ ನಕ್ಷತ್ರಗಳು ಹುಟ್ಟೋದೂ ಉಂಟು."

ಈ ಕೊನೆಯ ಮಾತು ತಾಯಿಯ ಕಿವಿಗೆ ಬೀಳಲೇ ಇಲ್ಲ. ಅವಳಾಗಲೇ ಬಾಗಿಲಿಗೆ ಹೋಗಿ, ಆಕಾಶದಲ್ಲೂ ನಮ್ಮಣ್ಣನಂಥವರು ಇದ್ದಾರಂತೆ ಎಂದು ಎದುರಿನ ದರ್ಜಿಗೆ ಕೂಗಿ ಹೇಳುತ್ತಿದ್ದಳು.

ಮಹಡಿಯ ಗೋದಾಮಿನ ಕೋಣೆಯನ್ನು ಅಣ್ಣನ ಕೈಯಿಂದ ಜಗಳವಾಡಿ ಬಿಡಿಸಿಕೊಟ್ಟವಳೂ ಅವಳೇ. ಮಗಳು ತಂತಿಯ ಹಂದರ ಕಟ್ಟಿ, ಅದರ ಮೇಲೆ ಎಳೆ ಎಳೆಯಾಗಿ ಹತ್ತಿ ಹರಡಿದಳು. ನಡುವೆ ಒಬ್ಬರು ಕೂರುವಷ್ಟು ಟೊಳ್ಳು ಬಿಟ್ಟು ಅದರೊಳಗೆ ದೊಡ್ಡ ಬಲ್ಬು ಇಟ್ಟಳು, ಅಂಚಿನಲ್ಲಿ ಸಾಸಿವೆಯಂಥ ಸಣ್ಣ ದೀಪಗಳು. ಗುರುವಾರ ಸಂಜೆ ಗುಂಡಿ ಒತ್ತಿದಾಗ ಬೆಳಕು ಟೊಳ್ಳನ್ನು ದಾಟಿ ಹೋಗಿ ಒಳಗೋಡೆಯನ್ನೆಲ್ಲ ಕೆಂಪಗೆ ಬೆಳಗಿತು. ತಾಯಿ ಬಾಯಿ ತೆರೆದುಕೊಂಡು ನೋಡಿದಳು.

ಶುಕ್ರವಾರ ಮಧ್ಯಾಹ್ನ ಮಗಳು ಬರುವವರನ್ನು ಎದುರುಗೊಳ್ಳಲು ವೃತ್ತದ ತನಕ ಹೋಗಿದ್ದಳು. ತಾಯಿ ಮಹಡಿಯಲ್ಲಿ ಮೋಡದ ಪಕ್ಕ ಕೂತಿದ್ದಾಗ ದೊಡ್ಡಣ್ಣ ಮೆಟ್ಟಿಲು ಹತ್ತಿ ಬಂದ.

"ಹತ್ತಿ ಹಾಳು ಮಾಡೋ ಆಟ ಸಾಕು. ಸೋಮವಾರದಿಂದ ಅವಳು ಹಿಂಜೋ ಯಂತ್ರದ ಹತ್ರ ಕೂರ್ಲಿ. ಎಲ್ಲೂ ಹೋಗೋದು ಬೇಡ."

ತಾಯಿಯ ಮೈಯೆಲ್ಲ ಉರಿದುಹೋಯಿತು. "ನನ್ನ ಮಗಳೂ ಬೇಕಾ ನಿಂಗೆ? ತಮ್ಮನ್ನ ಓಡಿಸಿದ್ದು ಸಾಲಲಿಲ್ವಾ? ನನ್ನ ಕೈ ಸವೆಸಿದ್ದು ಸಾಲಲಿಲ್ವಾ?" ಎಂದು ಶುರು ಮಾಡಿದವಳು ನಿಲ್ಲಿಸಲಿಲ್ಲ. ಅವನು ಅರ್ಧದಲ್ಲೇ ಇಳಿದು ಹೋದ. ಅವಳು ಮೆಟ್ಟಿಲ ಕಡೆಗೇ ಮುಖ ಮಾಡಿಕೊಂಡು ಬೈದಳು, ಹುಟ್ಟಿನಿಂದ ಇಂದಿನವರೆಗಿನದನ್ನೆಲ್ಲ ಎತ್ತಿ ಆಡಿದಳು. ಕೈ ಪಕ್ಕದ ಹತ್ತಿಯ ರಾಶಿಗೆ ಹೋಗುತ್ತಿತ್ತು, ಬರುತ್ತಿತ್ತು. ಉಸಿರು ಹಗುರಾದಾಗ ಪಕ್ಕದಲ್ಲಿದ್ದುದನ್ನು ಒಮ್ಮೆ ತಟ್ಟಿ, ಮುಖ ತೊಳೆಯಲು ಹೋದಳು.

ಸಾಹೇಬರು ಬಂದರು, ಮೇಡಂ ಬಂದರು. ಮಗಳು ಗುಂಡಿ ಒತ್ತಿದಳು. ಹತ್ತಿಯ ಹೊಟ್ಟೆಯೊಳಗೆಲ್ಲೋ ಮಸುಕಾಗಿ ಏನೋ ಕೆಂಪಗಾಯಿತು, ಅಷ್ಟೇ. ನಡುವೆ ಒಂದು ಬೆರಳು ತೂರುವಷ್ಟೂ ಜಾಗವಿರಲಿಲ್ಲ.

"ಇದು ದಿಂಬಲ್ವೇನ್ರೀ?" ಎಂದರು ಸಾಹೇಬರು, ಮೇಡಂ ಕಡೆ ತಿರುಗಿ. ಮೇಡಂ ತಲೆ ತಗ್ಗಿಸಿದರು. ಇಬ್ಬರೂ ಕೆಳಗಿಳಿದರು.

"ಎಲ್ಲಾ ಅವನಿಂದಾನೇ! ಅವನ ಕೈ ಸೇದಿಹೋಗ! ನಾನು ಆಚೆ ಹೋಗಿದ್ದೇ ತಡ ಬಂದು ತುರುಕಿದ್ದಾನೆ!" ತಾಯಿ ಕೂಗಿದಳು.

ಮಗಳು ಒಳಗೆ ಕೈಹಾಕಿ ಒಂದು ಹಿಡಿ ಹತ್ತಿ ಕಿತ್ತು ಅವಳ ಮುಂದೆ ಹಿಡಿದಳು. ಹೆಬ್ಬೆರಳಿನಲ್ಲಿ ಮಡಿಸಿ ಒತ್ತಿದ ಹತ್ತಿ. ಆ ಅಂಗಡಿಯಲ್ಲಿ ಹಾಗೆ ಮಡಿಸುವವಳು ಒಬ್ಬಳೇ.

"ನಿಂಗೋಸ್ಕರಾನೇ ಕಣೇ ಅವನ ಜೊತೆ ಜಗಳ ಆಡಿದ್ದು" ಎಂದಳು ತಾಯಿ, ಆ ಹಿಡಿ ಹತ್ತಿಯನ್ನೇ ನೋಡುತ್ತ.

"ಹೂಂ. ಯಾವಾಗ್ಲೂ ನೀನೇ ಆಡೋದು. ನಾನು ಬಾಯಿ ತೆಗೆಯೋದರೊಳಗೆ ನನ್ನ ಮಾತೂ ನೀನೇ ಆಡಿ ಮುಗಿಸಿರ್ತೀಯ. ಮಾವನ ಹತ್ರ ನಿಂತ್ರೂ ಜಾಗ ಇಲ್ಲ, ನಿನ್ನ ಹತ್ರ ನಿಂತ್ರೂ ಜಾಗ ಇಲ್ಲ. ನಾನೆಲ್ಲಿ ನಿಲ್ಲಲಿ ಅಮ್ಮಾ?" ಇಷ್ಟು ಸಿಟ್ಟು ಈ ಹುಡುಗಿಯೊಳಗೆ ಇತ್ತೆಂದು ತಾಯಿಗೆ ಗೊತ್ತೇ ಇರಲಿಲ್ಲ.

"ತಡಿ, ಅವರಿನ್ನೂ ದೂರ ಹೋಗಿರಲ್ಲ. ನಾನು ಓಡಿ ಹೋಗಿ ಹೇಳ್ತೀನಿ, ತಪ್ಪು ನಂದೇ ಅಂತ..."

"ನೀನು ಬರಬೇಡ!"

ಮಗಳು ದಡದಡನೆ ಮೆಟ್ಟಿಲಿಳಿದಳು. ತಾಯಿ ಕಿಟಕಿಗೆ ಬಂದಳು. ಕೆಳಗೆ ರಸ್ತೆಯಲ್ಲಿ ಮಗಳು ಕಾರಿಗೆ ಅಡ್ಡ ನಿಂತಿದ್ದಳು, ಕೈಯಲ್ಲಿ ಹತ್ತಿ ಹಾಗೇ ಇತ್ತು. ಸಾಹೇಬರು ಗಾಜು ಇಳಿಸಿದರು. ಅವಳು ಏನೋ ಹೇಳುತ್ತಿದ್ದಳು, ನಿಧಾನವಾಗಿ, ತನ್ನದೇ ಮಾತಿನಲ್ಲಿ. ಸಾಹೇಬರು ತಲೆಯಾಡಿಸಿದರು. ಒಪ್ಪಿ ಆಡಿಸಿದ್ದೋ, ಆಗಲ್ಲ ಎಂದದ್ದೋ, ಮೇಲಿಂದ ತಿಳಿಯಲಿಲ್ಲ.

ಅಲ್ಲಿಂದಲೇ ಕೂಗಿ ಎರಡು ಮಾತು ಸೇರಿಸಲು ತಾಯಿಯ ಬಾಯಿ ತೆರೆದೇ ಇತ್ತು. ಅವಳು ಹಲ್ಲು ಕಚ್ಚಿ ಕಿಟಕಿ ಮುಚ್ಚಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಈ ಸಲ ಅದು ಅಣ್ಣನ ಮೇಲಿನದಲ್ಲ, ತನ್ನ ಮೇಲಿನದೇ.